ನವಸಾಗರದ ತಂಪು

ಈರಣ್ಣನ ಅಂಗೈಯನ್ನು ಆ ಔಷಧಿ ಕಾರ್ಖಾನೆಯಲ್ಲಿ ಯಾರೂ ಪ್ರಶ್ನೆ ಮಾಡಿದವರಿಲ್ಲ. ಅವನು ನೈರೋಬಿಗೆ ಬಂದದ್ದು ಅಡುಗೆಯವನಾಗಿ, ರಾಣೇಬೆನ್ನೂರಿನ ಕಡೆಯ ಡಾಕ್ಟರೊಬ್ಬರ ಮನೆಗೆ. ಡಾಕ್ಟರು ತೀರಿಕೊಂಡ ಮೇಲೆ ಇಂಡಸ್ಟ್ರಿಯಲ್ ಏರಿಯಾದ ಈ ಕಾರ್ಖಾನೆ ಸೇರಿದ. ಓದಿದ್ದು ಎರಡನೇ ಇಯತ್ತೆ. ಆದರೂ ಕೆಮ್ಮಿನ ಔಷಧಿಯ ದೊಡ್ಡ ಟ್ಯಾಂಕಿನಲ್ಲಿ ನೀರು, ಜೇಷ್ಠಮಧುವಿನ ರಸ, ನವಸಾಗರ, ಸ್ಪಿರಿಟ್ ಬೆರೆಸುವ ಕೆಲಸವನ್ನು ಇಪ್ಪತ್ತೆರಡು ವರ್ಷದಿಂದ ಅವನೇ ಮಾಡಿಕೊಂಡು ಬಂದಿದ್ದ.

ನವಸಾಗರ ಒಂದು ಬಗೆಯ ಉಪ್ಪು. ನೀರಿಗೆ ಬಿದ್ದು ಕರಗುವಾಗ ನೀರನ್ನು ಕೊರೆಯುವಷ್ಟು ತಣ್ಣಗೆ ಮಾಡುತ್ತದೆ. ಕರಗಿ ಮುಗಿದ ಮೇಲೆ ಟ್ಯಾಂಕು ನಿಧಾನವಾಗಿ ಮೊದಲಿನ ಹದಕ್ಕೆ ಬರುತ್ತದೆ. ಈರಣ್ಣ ಒಂದು ಕೈಯನ್ನು ಗೋಡೆಯ ಮೇಲೂ ಇನ್ನೊಂದನ್ನು ಟ್ಯಾಂಕಿನ ಹೊಟ್ಟೆಯ ಮೇಲೂ ಇಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಎರಡೂ ಒಂದೇ ಅನ್ನಿಸಿದಾಗ "ಆತು" ಅನ್ನುತ್ತಿದ್ದ. ಕೊನೆಗೆ ಸ್ಪಿರಿಟ್ ಸುರಿಯುವುದು. ಮ್ಯಾನೇಜರ್ ಸುಜಯ್, ಮೈಸೂರಿನ ಹುಡುಗ, ಬಂದ ಹೊಸದರಲ್ಲಿ ಥರ್ಮಾಮೀಟರ್ ಹಿಡಿದು ನೋಡಿ, ಪ್ರತಿ ಸಲವೂ ಮುದುಕನೇ ಸರಿಯಾಗಿದ್ದುದರಿಂದ ಅದನ್ನು ಡ್ರಾಯರಿಗೆ ಹಾಕಿಬಿಟ್ಟಿದ್ದ.

ಎರಡು ಸಾವಿರದ ಆರನೇ ಇಸವಿಯ ಜುಲೈ. ನೈರೋಬಿಯಲ್ಲಿ ಅದು ಚಳಿಗಾಲ. ಒಂದು ಗುರುವಾರ ಲ್ಯಾಬಿನ ನಿರುಪಮಾ ಕಾಗದ ಹಿಡಿದು ಬಂದಳು. ಹಿಂದಿನ ದಿನ ತಯಾರಾದ ಔಷಧಿಯಲ್ಲಿ ನವಸಾಗರ ಕಡಿಮೆ. ಇಪ್ಪತ್ತು ಕಿಲೋ ಇರಬೇಕಾದಲ್ಲಿ ಹದಿನಾರರಷ್ಟೇ ಇದೆ.

ಸುಜಯ್ ಹೆಚ್ಚು ಯೋಚಿಸಲಿಲ್ಲ. ಉಪ್ಪು ತೂಗಿಕೊಟ್ಟವನು ಸ್ಟೋರಿನ ಮುಟುವಾ, ಕದ್ದವನೂ ಅವನೇ ಇರಬೇಕು. ಊಟದ ಹೊತ್ತಿಗೆ ಎಲ್ಲರೂ ಬೆಂಚುಗಳ ಮೇಲೆ ಕೂತಿರುವಾಗಲೇ ಅವನ ಕೈಯಿಂದ ಬೀಗದ ಕೈ ಕಸಿದುಕೊಂಡು, "ನಾಳೆ ಬಂದು ಕೆಲಸ ಬಿಡಿಸಿದ ಪತ್ರ ತಗೊಂಡು ಹೋಗು" ಎಂದು ಗೇಟಿನ ತನಕ ನಡೆಸಿದ. ಐವತ್ತು ದಾಟಿದ ಮುಟುವಾ ತಿರುಗಿ ನೋಡಿದ್ದು ಈರಣ್ಣನನ್ನು ಮಾತ್ರ.

"ಸಿ ಮಿಮಿ, ಮ್ಜೀ," ಅಂದ. ನಾನಲ್ಲ, ಹಿರಿಯಾ.

ಈರಣ್ಣ ತನ್ನ ಊಟದ ಡಬ್ಬಿಯತ್ತ ಕಣ್ಣು ತಗ್ಗಿಸಿದ. ಮುಟುವಾ ಉಪ್ಪು ತೂಗುವಾಗ ಅವನು ನೋಡಿರಲಿಲ್ಲ.

ಸಂಜೆ ನ್ಗಾರಾ ಬಡಾವಣೆಯ ತನ್ನ ಕೋಣೆಯ ಹೊರಗೆ ನಲ್ಲಿಯ ಕೆಳಗೆ ಕಾಲು ತೊಳೆಯುತ್ತಿದ್ದವನು ಹಾಗೇ ನಿಂತುಬಿಟ್ಟ. ನೀರು ತಣ್ಣಗಿತ್ತು, ಆದರೆ ಸಹಿಸಬಹುದಾದ ತಣುಪು. ನಿನ್ನೆ ಟ್ಯಾಂಕು ತೊಳೆದಾಗ ಹೊರಗೆ ಹರಿದ ನೀರು ಬರಿಗಾಲಿಗೆ ತಾಗಿ ಮೂಳೆಯವರೆಗೂ ಕೊರೆದಿತ್ತು. ಚಳಿಗಾಲ ಎಂದುಕೊಂಡು ಸುಮ್ಮನಿದ್ದ. ಬರಿ ಚಳಿಗೆ ನೀರು ಹಾಗೆ ಕೊರೆಯುವುದಿಲ್ಲ. ಆ ನೀರಿನಲ್ಲಿ ಉಪ್ಪು ಕರಗುತ್ತಿತ್ತು.

ನಲ್ಲಿ ನಿಲ್ಲಿಸುವುದನ್ನೂ ಮರೆತು ನಿನ್ನೆಯ ಬೆಳಗನ್ನು ನೆನೆಸಿಕೊಂಡ. ಕಾರ್ಖಾನೆಗೆ ನೀರು ಬಂದದ್ದೇ ಹತ್ತು ಗಂಟೆಗೆ. ತಡವಾಯಿತೆಂದು, ಬಿಸಿಗೆ ಉಪ್ಪು ಬೇಗ ಕರಗೀತೆಂದು ಅವನೇ ಕ್ರಮ ಬದಲಿಸಿ ನೀರಿಗೆ ಮೊದಲು ಸ್ಪಿರಿಟ್ ಸುರಿದಿದ್ದ, ಉಪ್ಪು ಆಮೇಲೆ. ಸ್ಪಿರಿಟ್ ನೀರಿಗೆ ಕೂಡಿದರೆ ಟ್ಯಾಂಕು ಬೆಚ್ಚಗಾಗುವುದು ಅವನಿಗೆ ಹೊಸದಲ್ಲ. ಆ ಬಿಸಿಯ ಮೇಲೆ ಉಪ್ಪಿನ ತಂಪು ಬಿತ್ತು. ಒಂದು ಏರಿಸಿದ್ದನ್ನು ಇನ್ನೊಂದು ಇಳಿಸಿತು. ಅಂಗೈಗೆ ಸಿಕ್ಕಿದ್ದು ಗೋಡೆಯ ಹದವೇ, ಆದರೆ ಉಪ್ಪು ಇನ್ನೂ ಕರಗಿ ಮುಗಿದಿರಲಿಲ್ಲ. ಔಷಧಿ ಇಳಿಸಿದಾಗ ಗಟ್ಟಿ ಗಟ್ಟಿ ಉಂಡೆಗಳು ಟ್ಯಾಂಕಿನ ನಲ್ಲಿಗಿಂತ ಕೆಳಗೆ, ಜೇಷ್ಠಮಧುವಿನ ಕಪ್ಪು ಬಗ್ಗಡದಲ್ಲಿ ಕಾಣದೆ ಉಳಿದವು. ಅವನೇ ಪೈಪು ಹಿಡಿದು ಅವನ್ನು ಚರಂಡಿಗೆ ಕಳಿಸಿದ್ದ.

ಎಪ್ಪತ್ತರ ಮುದುಕನನ್ನು ಕಾರ್ಖಾನೆ ಇಟ್ಟುಕೊಂಡದ್ದು ಆ ಅಂಗೈಗಾಗಿ. ಅದು ಅವನಿಗೆ ಗೊತ್ತಿತ್ತು. ಆದರೂ ಬೆಳಗಾದ ಕೂಡಲೇ ಮಟಾಟು ವ್ಯಾನು ಹತ್ತಿ ಎಲ್ಲರಿಗಿಂತ ಮೊದಲು ಹೋಗಿ ಸುಜಯ್‌ನ ಬಾಗಿಲಲ್ಲಿ ನಿಂತ.

"ಸಾಹೇಬ್ರ, ಮುಟುವಾನ ತೂಕ ಸರಿ ಐತ್ರಿ. ತಪ್ಪಿದ್ದು ನನ್ನ ಕೈ."

ಎಲ್ಲವನ್ನೂ ಕೇಳಿ ಸುಜಯ್ ನಕ್ಕ. "ಈರಣ್ಣ, ಅವನನ್ನ ಉಳಿಸೋಕೆ ಒಳ್ಳೆ ಕತೆ ಕಟ್ಟಿದೀರ. ನಿಮ್ ಕೈ ತಪ್ಪುತ್ತೇನ್ರೀ?"

"ತಪ್ಪೈತ್ರಿ."

"ಮಾಡೇ ನೋಡೋಣ ಸಾರ್," ಅಂದಳು ಬಾಗಿಲ ಬಳಿ ನಿಂತಿದ್ದ ನಿರುಪಮಾ. "ಒಂದು ಬಕೆಟ್ ಸಾಕು. ಅಜ್ಜ, ನೀವು ಅವತ್ತು ಹೆಂಗೆ ಮಾಡಿದ್ರೋ ಹಂಗೇ ಮಾಡಿ."

ಸ್ಟೀಲ್ ಬಕೆಟ್ಟಿನಲ್ಲಿ ನೀರಿಗೆ ರಸ, ಅದಕ್ಕೆ ಸ್ಪಿರಿಟ್. ಬಕೆಟ್ಟು ಬೆಚ್ಚಗಾಯಿತು. ಅದೇ ಚೀಲದ ಉಂಡೆ ಉಂಡೆ ನವಸಾಗರ ಹಾಕಿ ಕಲಕಿದರು. ಸ್ವಲ್ಪ ಹೊತ್ತಿಗೆ ಈರಣ್ಣ ಒಂದು ಕೈ ಗೋಡೆಗೆ, ಒಂದು ಕೈ ಬಕೆಟ್ಟಿಗೆ ಇಟ್ಟ. ಎರಡೂ ಒಂದೇ. ನಿರುಪಮಾಳ ಥರ್ಮಾಮೀಟರೂ ಅದನ್ನೇ ಹೇಳಿತು.

"ಈಗ ಬಗ್ಗಸವ್ವ," ಅಂದ.

ನಿರುಪಮಾ ಬಕೆಟ್ಟು ಬಗ್ಗಿಸಿ ಕಪ್ಪು ದ್ರವ ಸುರಿದ ಮೇಲೆ ತಳದಲ್ಲಿ ಎರಡು ಮುಷ್ಟಿ ಉಪ್ಪು ಕೂತಿತ್ತು. ಈರಣ್ಣ ಅದರ ಮೇಲೆ ಒಂದು ಚೊಂಬು ನೀರು ಹಾಕಿ ಕೈಯಾಡಿಸಿ, "ಮುಟ್ಟ್ರಿ" ಎಂದ. ಸುಜಯ್ ಬೆರಳು ಅದ್ದಿ ಫಕ್ಕನೆ ತೆಗೆದ. "ಅಯ್ಯಪ್ಪಾ!"

ಬೆರಳು ಒರೆಸಿಕೊಂಡು ಸುಜಯ್ ಮೇಜಿನ ಮೇಲಿದ್ದ ಮುಟುವಾನ ಪತ್ರವನ್ನು ಹರಿದ. "ನಾಳೆಯಿಂದ ನಿರುಪಮಾ ತಳ ನೋಡಿ ಸಹಿ ಹಾಕಿದ ಮೇಲೇ ನಲ್ಲಿ ತೆಗೆಯೋದು, ಈರಣ್ಣ. ನಿಮ್ ಕೈಯೊಂದೇ ಸಾಲಲ್ಲ."

"ಆಗ್ಲಿ ಬಿಡ್ರಿ."

ಬೀಗದ ಕೈ ತೆಗೆದುಕೊಂಡು ಈರಣ್ಣನೇ ಗೇಟಿಗೆ ಹೋದ. ಪತ್ರಕ್ಕೆಂದು ಬಂದು ನಿಂತಿದ್ದ ಮುಟುವಾ ಎಲ್ಲ ಕೇಳಿಸಿಕೊಂಡ, ಕೈ ಮಾತ್ರ ಚಾಚಲಿಲ್ಲ.

"ನನ್ನ ಕಿವಿಗೆ ಹೇಳಿದರೆ ಏನು ಬಂತು, ಮ್ಜೀ? ನಿನ್ನೆ ನನ್ನನ್ನು ನಡೆಸಿಕೊಂಡು ಹೋಗುವಾಗ ನೋಡಿದವರು ಒಳಗಿದ್ದಾರೆ."

ಊಟದ ಹೊತ್ತಿಗೆ ಈರಣ್ಣ ಮುಟುವಾನನ್ನು ಕರೆದುಕೊಂಡು ಬೆಂಚುಗಳ ನಡುವೆ ಹೋಗಿ ನಿಂತ. ಅಷ್ಟು ಜನರೆದುರು ಅವನು ಎಂದೂ ಬಾಯಿ ತೆರೆದವನಲ್ಲ. ತನಗೆ ಬರುವ ಹರಕು ಸ್ವಾಹಿಲಿಯಲ್ಲಿ, ಮುಟುವಾ ಒಂದು ಹರಳನ್ನೂ ಕದ್ದಿಲ್ಲ, ಉಪ್ಪನ್ನು ಚರಂಡಿಗೆ ಬಿಟ್ಟವನು ನಾನು ಎಂದ. ದನಿ ಸಣ್ಣದು, ಹಿಂದಿನವರು ಜೋರಾಗಿ ಹೇಳು ಅಂದರು. ಇನ್ನೊಮ್ಮೆ ಹೇಳಿದ. ಬಾಗಿಲಲ್ಲಿದ್ದ ಸುಜಯ್ ಕೆಂಪಾದ ಮುಖದಲ್ಲಿ, "ನನ್ನದೂ ತಪ್ಪು," ಎಂದು ಸೇರಿಸಿದ.

ಮುಟುವಾ ಈಗ ಈರಣ್ಣನಿಂದ ಬೀಗದ ಕೈಯನ್ನು ತೆಗೆದುಕೊಂಡು ಜೇಬಿಗೆ ಹಾಕಿ ತನ್ನ ಜಾಗದಲ್ಲಿ ಕೂತ. ತಟ್ಟೆಯಿಂದ ಕಣ್ಣೆತ್ತದೆ ಹೇಳಿದ:

"ಮ್ಜೀ, ನಿನ್ನ ಕೈಗೂ ಒಂದು ಕನ್ನಡಕ ಮಾಡಿಸಿಕೋ."

ಬೆಂಚಿಗೆ ಬೆಂಚೇ ನಕ್ಕಿತು. ಈರಣ್ಣನೂ ನಕ್ಕ, ತನ್ನ ಡಬ್ಬಿ ತರಲು ಹೋದ.