ಕ್ರೇನಿನ ಕಣ್ಣಿಗೆ ಮನುಷ್ಯರು

ಉಕ್ಕಿನ ತಗಡು ಸುತ್ತಿದ ಆ ಭಾರಿ ಸುರುಳಿಗಳಿಗೆ ಎಲ್ಲರೂ ಕಾಯಿಲ್ ಎನ್ನುತ್ತಾರೆ. ಕಾಯಿಲ್‌ಗೆ ತೇವ ತಾಗಬಾರದು, ತುಕ್ಕು ಹಿಡಿಯುತ್ತದೆ. ಅದಕ್ಕೇ ನ್ಯಾಮತಿ ರಸ್ತೆಯ ಆ ಗೋದಾಮಿನಲ್ಲಿ ಗಾಳಿಯನ್ನು ಒಣಗಿಸುವ ಯಂತ್ರ ಹಗಲೂ ರಾತ್ರಿ ಓಡುತ್ತಿತ್ತು. ಒಂದೊಂದು ಕಾಯಿಲ್‌ಗೂ ರಬ್ಬರಿನ ಹಾಸಿಗೆ. ಅವನ್ನು ಸೀಳಿದಾಗ ಉದುರುವ ಹರಿತವಾದ ಅಂಚುಪಟ್ಟಿಗಳನ್ನು ಹೊರುವ ಹೆಂಗಸರಿಗೆ ಮಾತ್ರ ಹಿಂದುಗಡೆ ತಗಡಿನ ಸಾಲುಮನೆ; ಬೆಳಿಗ್ಗೆ ಮಾಡಿಟ್ಟ ಮುದ್ದೆ ಮಧ್ಯಾಹ್ನ ಅಲ್ಲಿ ತಾನಾಗಿಯೇ ಬಿಸಿಯಾಗಿರುತ್ತಿತ್ತು.

"ಇನ್ನೊಂದು ಜನ್ಮ ಅಂತಿದ್ರೆ ಕಾಯಿಲ್ ಆಗಿ ಹುಟ್ಟಬೇಕು ಕಣೇ," ಎಂದು ಜಗಳೂರು ಕಡೆಯ ಹನುಮಂತಮ್ಮ ಅಂಗೈಯ ಗಾಯಕ್ಕೆ ಅರಿಶಿನ ಒತ್ತಿಕೊಳ್ಳುತ್ತಾ ನಗುತ್ತಿದ್ದಳು.

ಹೊಸ ಕ್ರೇನು ಬಂತು. ಅದನ್ನು ಓಡಿಸಲು ಆಳು ಬೇಡ. ಕ್ಯಾಮೆರಾದ ಕಣ್ಣಲ್ಲಿ ನೋಡಿಕೊಂಡು ತಾನೇ ಕಾಯಿಲ್ ಎತ್ತುತ್ತದೆ, ತಾನೇ ಇಡುತ್ತದೆ. ದಾರಿಯಲ್ಲಿ ಮನುಷ್ಯರು ಕಂಡರೆ ನಿಲ್ಲುತ್ತದೆ. ಕಾಯಂ ನೌಕರ ಬಸವರಾಜ ಅಡ್ಡ ಬಂದಾಗಲೆಲ್ಲ ನಿಂತಿತು. ಒಂದು ದಿನ ಅಂಚುಪಟ್ಟಿ ಹೊತ್ತ ಕಲ್ಲಮ್ಮ ಅಡ್ಡ ಬಂದಳು. ನಿಲ್ಲಲಿಲ್ಲ. ಕಾಯಿಲ್ ಬಡಿದು ಅವಳ ಭುಜದ ಮೂಳೆ ಮುರಿಯಿತು.

ಸಾಹುಕಾರ ಮಹೇಶ್ವರಪ್ಪನವರು ಓಡಿ ಬಂದು, "ಕಾಯಿಲ್‌ಗೇನೂ ಪೆಟ್ಟಾಗಿಲ್ವಲ್ಲ?" ಎಂದರು.

ಮರುದಿನ ಹೆಂಗಸರು ಕೆಲಸಕ್ಕಿಳಿಯದೆ ಬಾಗಿಲಲ್ಲೇ ನಿಂತರು.

"ಅದ್ಯಾಕೆ ನಿಲ್ಲಲಿಲ್ಲ, ಮೊದ್ಲು ಹೇಳ್ರಿ," ಎಂದು ಹನುಮಂತಮ್ಮ ಎಂಜಿನಿಯರ್ ಕೊಟ್ರೇಶನನ್ನು ಕೇಳಿದಳು.

ಅವನಿಗೆ ಸುಳ್ಳು ಹೇಳಿ ಇನ್ನೂ ರೂಢಿಯಾಗಿರಲಿಲ್ಲ. "ಹಳದಿ ಹೆಲ್ಮೆಟ್ ಕಂಡ್ರೆ ಮನುಷ್ಯ ಅಂತ ಅದಕ್ಕೆ ಕಲಿಸಿರೋದು ಕಣಮ್ಮ."

"ಇಲ್ದಿದ್ರೆ?"

"ಸಾಮಾನು."

"ಹಂಗಾರೆ ನಮಗೂ ಹೆಲ್ಮೆಟ್ ಕೊಡ್ರಿ."

ಸಾಹುಕಾರರು ನಡುವೆ ಬಾಯಿ ಹಾಕಿದರು. "ಅದು ಕಂಪನಿಯೋರಿಗೆ. ನೀವು ಗುತ್ತಿಗೆದಾರನ ಆಳುಗಳು. ತಲೆ ಮ್ಯಾಲೆ ಬುಟ್ಟಿ ಹೊರೋರಿಗೆ ಹೆಲ್ಮೆಟ್ ಯಾಕೆ?"

"ಸದ್ಯ, ನಮಗೂ ತಲೆ ಐತೆ ಅಂತ ಒಪ್ಕಂಡ್ರಲ್ಲ!"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಸಾಹುಕಾರರಿಗೆ ಆ ನಗು ಸಹಿಸಲಾಗಲಿಲ್ಲ. ಆಯುಧಪೂಜೆಯ ದಿನ ಆ ಕ್ರೇನಿಗೆ ಕೈಯಾರೆ ವಿಭೂತಿ ಬಳಿದು, ನಿಂಬೆಹಣ್ಣು ಕಟ್ಟಿ, ಅಡ್ಡಬಿದ್ದವರು ಅವರು.

"ಪೂಜೆ ಮಾಡ್ದೋನ್ನ ಅದು ಮರೀತೈತಾ? ನಾನೇ ನಿಂತು ತೋರಿಸ್ತೀನಿ, ನೋಡ್ರಿ!" ಎಂದವರೇ, ನೀಟಾಗಿ ಬಾಚಿದ ಬರಿದಲೆಯಲ್ಲಿ ಒಳಗೆ ಹೋಗಿ ಕ್ರೇನಿನ ದಾರಿಯಲ್ಲಿ ನಿಂತರು.

"ಬ್ಯಾಡ ಸಾರ್!" ಕೊಟ್ರೇಶ ಕೂಗಿದ.

ಕ್ರೇನಿಗೆ ಯಜಮಾನರೆಂಬ ಮುಲಾಜಿರಲಿಲ್ಲ. ಕಾಯಿಲ್ ಎದೆಮಟ್ಟದಲ್ಲಿ ತೂಗುತ್ತಾ ನೇರ ಅವರ ಮೇಲೇ ಬಂತು. ಸಾಹುಕಾರರ ಕಾಲುಗಳು ನೆಲ ಬಿಟ್ಟು ಏಳಲಿಲ್ಲ.

ಪಕ್ಕದಲ್ಲಿ ಬೆಪ್ಪಾಗಿ ನಿಂತಿದ್ದ ಬಸವರಾಜನ ಹೆಲ್ಮೆಟ್ಟನ್ನು ಹನುಮಂತಮ್ಮ ಕಿತ್ತು ತನ್ನ ತಲೆಗಿಟ್ಟುಕೊಂಡಳು. ಓಡಿ ಹೋಗಿ ಸಾಹುಕಾರರಿಗೆ ಅಡ್ಡ ನಿಂತಳು.

ಕ್ರೇನು ನಿಂತಿತು.

ಸಾಹುಕಾರರು ಕುಸಿದು ಕೂತರು. ಉಸಿರು ಬಂದೊಡನೆ ಆಡಿದ ಮಾತು, "ಅದನ್ನ ಬಸವರಾಜಂಗೆ ಕೊಡು. ಕಂಪನೀದು."

"ಕೊಡ್ತೀನಿ ಸಾಹುಕಾರ್ರೆ. ನಮ್ಮವು ಬರ್ಲಿ. ಕಲ್ಲಮ್ಮಂದೂ ಸೇರಿ."

ಅವಳು ಕದಲಲಿಲ್ಲ. ಹೆಂಗಸರು ಒಬ್ಬೊಬ್ಬರೇ ಬಂದು ಅವಳ ಹಿಂದೆ ಕೂತರು. ಬರಿದಲೆಯ ಬಸವರಾಜನೂ ಅತ್ತಿತ್ತ ನೋಡಿ, ಬಂದು ಕೂತ.

"ಏಯ್ ಕೊಟ್ರೇಶ, ಅದಕ್ಕೆ ಮುಂದಕ್ಕೆ ಹೋಗಾಕೆ ಹೇಳೋ!" ಸಾಹುಕಾರರು ಕಿರುಚಿದರು.

"ಹೋಗಲ್ಲ ಸಾರ್," ಎಂದ ಕೊಟ್ರೇಶ. "ಮುಂದೆ ಮನುಷ್ಯರವ್ರೆ."