ನ್ಯಾಯಮೂರ್ತಿಗಳ ಮೇಜಿನ ಅರ್ಧ ಕಿಲೋ

ನಾನು ಒಂದು ತೂಕದ ಕಲ್ಲು. ಹೆಸರಿಗೆ ಕಲ್ಲು, ಮೈಯೆಲ್ಲ ಕಬ್ಬಿಣ. ತೂಕ ಅರ್ಧ ಕಿಲೋ. ಗುಲಗಂಜಿಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಚ್ಚಿನಿಂದ ಹೊರಬಿದ್ದ ಮೇಲೆ ಸರ್ಕಾರದವರು ನನ್ನ ಹೊಟ್ಟೆಗೆ ಸೀಸ ತುಂಬಿ ಮುದ್ರೆ ಒತ್ತಿದರು. ಆ ಜಂಬ ಬಹಳ ವರ್ಷ ಇತ್ತು.

ತಾಳಿಕೋಟೆಯಲ್ಲಿ ಚನ್ನಮಲ್ಲಪ್ಪ ಸಾಹುಕಾರರ ಕಿರಾಣಿ ಅಂಗಡಿಯಲ್ಲಿ ಬೆಲ್ಲ, ತೊಗರಿಬೇಳೆ ತೂಗುತ್ತಿದ್ದೆ. ಮಗ ಗುರುಬಸಪ್ಪ ವಕೀಲನಾದ ದಿನ ಸಾಹುಕಾರರು ನನ್ನನ್ನೆತ್ತಿ ಅವನ ಕೈಗಿಟ್ಟರು. "ಕಾಗದ ಹಾರಬಾರ್ದು ನೋಡಪಾ, ಇದನ್ನ ಮ್ಯಾಲಿಟ್ಕೊ."

ಅಂದಿನಿಂದ ನಾನು ಪೇಪರ್‌ವೇಟು. ಆತ ಮುನ್ಸೀಫನಾದ, ಜಿಲ್ಲಾ ನ್ಯಾಯಾಧೀಶನಾದ, ಕೊನೆಗೆ ಹೈಕೋರ್ಟಿನ ನ್ಯಾಯಮೂರ್ತಿಯಾಗಿ ಎಲ್ಲರಿಗೂ ಸಾಹೇಬರಾದ. ನನ್ನ ಕೆಳಗಿನ ಫೈಲುಗಳು ದಪ್ಪವಾಗುತ್ತ ಹೋದವು. ತಕ್ಕಡಿಯನ್ನು ಮಾತ್ರ ನಾನು ಮತ್ತೆ ಹತ್ತಲಿಲ್ಲ.

ಒಂದು ದಿನ ದಾನಮ್ಮ ಬಡಿಗೇರ ಎಂಬ ನರ್ಸಿನ ಫೈಲು ಬಂತು. ಔಷಧ ಕದ್ದಳೆಂದು ಅವಳನ್ನು ಕೆಲಸದಿಂದ ತೆಗೆದಿದ್ದರು. ವಾದ ಮುಗಿಯಿತು. ಸಾಹೇಬರು ತೀರ್ಪು ಕಾಯ್ದಿರಿಸಿ ಚೇಂಬರಿಗೆ ಬಂದು ಸ್ಟೆನೊಗೆ, "ಈ ಹೆಣ್ಮಗಳು ಕದ್ದಿಲ್ಲೋ ಅಡಿವೆಪ್ಪ, ನನಗ ಖಾತ್ರಿ ಐತಿ" ಎಂದರು.

ತೀರ್ಪು ಬರೆದದ್ದೂ ಆಯಿತು. ಆದರೆ ಅವರಿಗೆ ಭಾಷೆಯ ಖಯಾಲಿ. ಒಂದು ಪ್ಯಾರಾ ತಿದ್ದುವುದು, ಮತ್ತೆ ಟೈಪು, ಮತ್ತೆ ನನ್ನ ಕೆಳಗೆ. ಎರಡು ವರ್ಷ ನಾನು ಅದನ್ನು ಅಲುಗದಂತೆ ಅದುಮಿಕೊಂಡು ಕೂತೆ, ಮೂರ್ಖ.

ನಿವೃತ್ತಿಯ ದಿನ ಹಾರ, ಭಾಷಣ. ಸಂಜೆ ಚೇಂಬರಿಗೆ ಬಂದು ಆ ಫೈಲು ಕಂಡಾಗ ಸಾಹೇಬರ ಮುಖ ಬಿಳಿಚಿಕೊಂಡಿತು.

"ರಿಟೈರ್ ಆಗೂದ್ರೊಳಗ ಪೀಠದಾಗ ಕೂತು ತೀರ್ಪು ಓದಬೇಕಿತ್ರಿ," ಎಂದ ಅಡಿವೆಪ್ಪ ಮೆಲ್ಲಗೆ. "ಇನ್ನ ಬ್ಯಾರೆ ಜಡ್ಜ್ ಸಾಹೇಬ್ರು ಮೊದಲಿಂದ ಕೇಳಬೇಕ್ರಿ."

ಫೈಲು ಕೋರ್ಟಿನಲ್ಲುಳಿಯಿತು. ಸಹಿಯಿಲ್ಲದ ಕರಡು ನನ್ನ ಜೊತೆ ಮನೆಗೆ ಬಂತು. ಸಾಹೇಬರು ದಿನಾ ಬೆಳಗ್ಗೆ ನನ್ನನ್ನು ಸರಿಸಿ ಅದನ್ನು ಓದುತ್ತಿದ್ದರು. ತಿದ್ದಲು ಒಂದಕ್ಷರವೂ ಸಿಗುತ್ತಿರಲಿಲ್ಲ.

ನಾಲ್ಕನೇ ವರ್ಷ ಅಡಿವೆಪ್ಪ ಬಂದ. "ದಾನಮ್ಮ ತೀರಿಕೊಂಡ್ಲಂತ್ರಿ. ಕೇಸು ಇನ್ನೂ ವಿಚಾರಣೆಗೆ ಬಂದಿದ್ದಿಲ್ಲ. ಓಣ್ಯಾಗ ಕಡೀತನಕ ಕಳ್ಳಿ ಅಂತನ ಕರದ್ರಂತ."

ಮರುವಾರ ರದ್ದಿಯವನು ಬಂದಾಗ ಸಾಹೇಬರು ಕರಡನ್ನೂ ನನ್ನನ್ನೂ ಅವನಿಗೆ ಕೊಟ್ಟುಬಿಟ್ಟರು.

"ಅಯ್ಯ, ಇದು ತೂಕದ ಕಲ್ಲು ಐತಲ್ರೀ!" ಎಂದು ಅವನು ನನ್ನನ್ನು ತಕ್ಕಡಿಗಿಟ್ಟ. ನಲವತ್ತು ವರ್ಷದ ಮೇಲೆ ತಕ್ಕಡಿ! ಖುಷಿಯಾಯಿತು. ಎದುರಿನ ತಟ್ಟೆಯಲ್ಲಿ ದಾನಮ್ಮನ ತೀರ್ಪು. ನಾನು ದಢಕ್ಕನೆ ಕೆಳಗೆ ಬಂದೆ, ಅದು ಮೇಲೆಯೇ ನಿಂತಿತು. ಸಾಲದೆಂದು ಅವನು ಅದರ ಮೇಲೆ ನಾಲ್ಕು ಹಳೇ ಪೇಪರು ಹಾಕಿದ.

ಈಗ ರದ್ದಿ ಗಾಡಿಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ಕಾಗದ ಹಾರಬಾರದು ಅಂದಿದ್ದರು ಸಾಹುಕಾರರು. ಒಂದನ್ನೂ ಹಾರಗೊಡಲಿಲ್ಲ. ಅದೊಂದನ್ನು ಬಿಟ್ಟಿದ್ದರೆ ದಾನಮ್ಮನ ಓಣಿಯನ್ನಾದರೂ ಮುಟ್ಟುತ್ತಿತ್ತೇನೋ.