ಬಣ್ಣ ಹೋದ ಬೀಗದಕೈ

ದಾಸಮ್ಮನ ಎಲೆಅಡಿಕೆ ಚೀಲವನ್ನು ಅವಳ ಮಂಚದ ಮೇಲಿಂದ ಎತ್ತಿ ಕಿಟಕಿಯ ಸರಳಿಗೆ ನೇತುಹಾಕಿದ ದೆವ್ವ ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಿಕ್ಕಿದ್ದನ್ನು ಹೇಳಬೇಕಾದರೆ ಇದನ್ನು ಹೇಳದೆ ಆಗುವುದಿಲ್ಲ.

ನಮ್ಮದು ಕೈಲಾಂಚದ ಕಡೆಯ ಊರು. ನಮ್ಮ ಬೀದಿಯಲ್ಲಿ ಹದಿನಾಲ್ಕು ಮನೆ. ಹದಿನಾಲ್ಕನ್ನೂ ಒಬ್ಬನೇ ಮೇಸ್ತ್ರಿ ಕಟ್ಟಿದ, ಒಂದೇ ಪಿಸ್ತಾ ಬಣ್ಣ ಬಳಿದ, ಜಗಲಿ ಕಡೆಗೆ ಒಂದೇ ಥರದ ಜಾರುವ ಗಾಜಿನ ಕಿಟಕಿ ಇಟ್ಟ. ಕುಡಿದು ಬಂದ ಗಂಡಸು ಯಾರ ಮನೆಗೆ ನುಗ್ಗಿದರೂ ಒಳಗಿನ ಹೆಂಗಸು ಬಾಯಿ ತೆಗೆಯುವ ತನಕ ತನ್ನದೋ ಬೇರೆಯವರದೋ ತಿಳಿಯುವುದಿಲ್ಲ. ಎಲ್ಲರ ಮನೆಯಲ್ಲೂ ರೇಷ್ಮೆ ಹುಳು. ಹುಳು ಇರುವ ಮನೆಯೊಳಕ್ಕೆ ಹೊರಗಿನವರು ಕಾಲಿಡುವಂತಿಲ್ಲ, ರೋಗ ಅಂಟುತ್ತದೆ. ಹಾಗಾಗಿ ಹಾಲು, ಕೊತ್ತಂಬರಿ, ಸುದ್ದಿ, ಜಗಳ ಎಲ್ಲವೂ ಆ ಕಿಟಕಿಯಿಂದಲೇ ಒಳಗೆ ಹೋಗಬೇಕು. ಸರಳುಗಳ ನಡುವೆ ಒಂದು ಕೈ ತೂರುತ್ತದೆ, ಒಂದು ಚೊಂಬು ತೂರುತ್ತದೆ.

ಯುಗಾದಿ ಕಳೆದ ಮೇಲೆ ಪಕ್ಕದ ಊರಿನಲ್ಲಿ ಯಾರೋ ಕಿಟಕಿಯೊಳಕ್ಕೆ ಕೋಲು ಹಾಕಿ ಎರಡು ಫೋನು, ಒಂದು ಪ್ಯಾಂಟು ಎಳೆದುಕೊಂಡು ಹೋದರು. ನಮ್ಮ ಬೀದಿಗೆ ಬರುವಷ್ಟರಲ್ಲಿ ಆ ಸುದ್ದಿ ಎರಡು ಬೀರು, ಒಂದು ಎಮ್ಮೆ ಆಗಿತ್ತು. ಎಮ್ಮೆ ಸೇರಿಸಿದ್ದು ನಾನು. ಎಲ್ಲರೂ ಹೆದರಿ ಕೂತಾಗ ನಟರಾಜು ಮುಂದೆ ಬಂದ. ನಮ್ಮ ಬೀದಿಯವನೇ, ಬಸ್ ಸ್ಟಾಪಿನಲ್ಲಿ ಅಂಗಡಿ ಇಟ್ಟಿರುವವನು, ಐವತ್ತು ದಾಟಿದವನು, ನ್ಯಾಯ ಪಂಚಾಯ್ತಿ ಎಂದರೆ ಮೊದಲ ಮಾತು ಅವನದೇ. ಅಂಗಡಿಗೆ ಸಾಮಾನು ತರಲು ಪ್ರತಿ ಮಂಗಳವಾರ ರಾಮನಗರಕ್ಕೆ ಹೋಗುತ್ತಾನಲ್ಲ, ಅಲ್ಲಿಂದ ಅನೀಸ್ ಎಂಬ ಬೀಗದವನನ್ನು ಕರೆದುಕೊಂಡು ಬಂದ.

ಅನೀಸ್ ನಮ್ಮ ಕಿಟಕಿಯ ಹೊರಗೆ ನಿಂತು, ಗಾಜಿನ ಬಾಗಿಲಿಗೆ ಎರಡು ಅಂಗೈ ಒತ್ತಿ, ಕೂಸನ್ನು ಎತ್ತುವ ಹಾಗೆ ಮೇಲಕ್ಕೆತ್ತಿ ಅಲುಗಿಸಿದ. ಒಳಗಿನ ಚಿಲಕ ಟಕ್ ಎಂದು ತಾನೇ ಬಿಚ್ಚಿಕೊಂಡಿತು.

"ನೋಡಿ ಅಜ್ಜೀ, ಇಷ್ಟೇ. ಕಳ್ಳನಿಗೆ ಕೋಲೂ ಬೇಡ" ಎಂದ.

ಅವನು ತಂದಿದ್ದ ಬೀಗ ಹೆಬ್ಬೆರಳಿನಷ್ಟು. ಎರಡು ಗಾಜಿನ ಬಾಗಿಲು ಒಂದರ ಮೇಲೊಂದು ಬರುವ ಕಡೆ ತೂತು ಕೊರೆದು ಕೂರಿಸಿದ. ಒಳಗಡೆ ತಿರುಗಿಸಲು ಒಂದು ಗುಂಡಿ, ಹೊರಗಡೆ ಬೀಗದಕೈಗೆ ಒಂದು ತೂತು. ತಿರುಗಿಸಿದರೆ ಒಂದು ಕಡ್ಡಿ ಚಾಚಿಕೊಂಡು ಎರಡು ಬಾಗಿಲನ್ನೂ ಕಚ್ಚಿ ಹಿಡಿಯುತ್ತದೆ, ಆಮೇಲೆ ಆನೆ ಎಳೆದರೂ ಜಾರುವುದಿಲ್ಲ.

"ಒಳಗಡೆ ಗುಂಡಿ ಐತಲ್ಲ, ಹೊರಗ್ಯಾಕ್ಲಾ ತೂತು?" ಎಂದೆ.

ಅನೀಸ್ ಹೇಳುವ ಮೊದಲೇ ನಟರಾಜು ನಕ್ಕ. "ನಾನೇ ಯೋಳಿ ಇಡ್ಸಿದ್ದು ಕಣಜ್ಜಿ. ನೀ ಒಳಗೇ ಸತ್ತು ಬಿದ್ರೆ ಯಾರು ತೆಗೀತಾರೆ?"

ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ. ಹೊರಗಿನ ತೂತಿಗೆಂದು ಮನೆಗೊಂದು ಚಿಕ್ಕ ಬೀಗದಕೈ ಕೊಟ್ಟರು. ಅದಕ್ಕೆ ಹಿಡಿಯಿಂದ ಹಲ್ಲಿನ ತನಕ ಕಾಡಿಗೆಯಂಥ ಕರೀ ಬಣ್ಣ.

"ಅನೀಸಾ, ಇದು ನನ್ ಗಂಡನ್ಗಿಂತ ಗಟ್ಟಿಯೇನ್ಲಾ?"

"ಯಜಮಾನ್ರು ಎಷ್ಟ್ ವರ್ಷ ಬಂದ್ರಜ್ಜಿ?"

"ನಲವತ್ತು."

"ಇದಕ್ಕೆ ಒಂದೇ ವರ್ಷ ಗ್ಯಾರಂಟಿ" ಎಂದ ಅನೀಸ್, ತಲೆ ಎತ್ತದೆ.

ಆ ಬೀಗದಕೈ ಯಾರಿಗೂ ಬೇಕಾಗಲಿಲ್ಲ. ಒಳಗಿದ್ದಾಗ ಗುಂಡಿ ತಿರುಗಿಸುತ್ತಿದ್ದರು, ತೋಟಕ್ಕೆ ಹೋಗುವಾಗಲೂ ಗುಂಡಿ ತಿರುಗಿಸಿ ಮುಂಬಾಗಿಲಿಂದ ಹೊರಡುತ್ತಿದ್ದರು. ಎಲ್ಲರ ಬೀಗದಕೈಯೂ ದೇವರ ಪಟದ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ನಾನೊಬ್ಬಳೇ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ನನ್ನ ಮೊಣಕಾಲಿಗೆ ಸಾವಿರ ವರ್ಷ. ಜಗಲಿಯಿಂದ ಎದ್ದು ಒಳಗೆ ಹೋಗುವುದೆಂದರೆ ಬೆಟ್ಟ ಹತ್ತಿದ ಹಾಗೆ. ಕೂತಲ್ಲಿಂದಲೇ ಕಿಟಕಿ ತೆಗೆದು ಕೈ ಹಾಕಿ ಎಲೆಅಡಿಕೆ ತೆಗೆದುಕೊಳ್ಳುತ್ತಿದ್ದೆ.

ಒಂದು ದಿನ ದಾಸಮ್ಮನ ಜಗಲಿಯಲ್ಲಿ ಕೂತಿದ್ದೆ. ದಾಸಮ್ಮ ನನ್ನ ವಾರಿಗೆಯವಳು, ಕುರಿ ಮೇಯಿಸಿಕೊಂಡು ಬರಲು ಹೋಗಿದ್ದಳು. ನನ್ನ ಕೈ ಸುಮ್ಮನೆ ಇರುವ ಕೈಯಲ್ಲ. ನನ್ನ ಬೀಗದಕೈಯನ್ನು ಅವಳ ಕಿಟಕಿಗೆ ತೂರಿಸಿದೆ. ತಿರುಗಿತು. ಅದರ ಪಕ್ಕದ ಮನೆಯದಕ್ಕೆ ತೂರಿಸಿದೆ. ಅದೂ ತಿರುಗಿತು.

ಬುದ್ಧಿ ಇದ್ದವಳಾಗಿದ್ದರೆ ಅವತ್ತೇ ಬೀದಿಯಲ್ಲಿ ಕೂಗಿ ಹೇಳುತ್ತಿದ್ದೆ. ನಾನು ಊರುಗೋಲನ್ನು ಸರಳಿನ ನಡುವೆ ತೂರಿಸಿ ದಾಸಮ್ಮನ ಎಲೆಅಡಿಕೆ ಚೀಲ ಎತ್ತಿ ಸರಳಿಗೆ ನೇತುಹಾಕಿದೆ. ಮಾರನೆಯ ದಿನ ಅವಳ ಕನ್ನಡಕವನ್ನು ಮಂಚದ ಕಾಲಿಗೆ ಹಾಕಿದೆ. ಮತ್ತೊಂದು ಮನೆಯಲ್ಲಿ ಗೋಡೆ ಕ್ಯಾಲೆಂಡರನ್ನು ಮುಖ ತಿರುಗಿಸಿದೆ. ಎರಡು ತಿಂಗಳು ದಿನಕ್ಕೆ ಮೂರು ಸಲವಾದರೂ ಯಾವುದೋ ಒಂದು ಕಿಟಕಿ ತೆಗೆದು ಹಾಕುತ್ತಿದ್ದೆ. ಬೀಗ ಹಾಕಿದ ಹಾಗೇ ಇದೆ, ಒಳಗಿನ ಸಾಮಾನು ನಡೆದಾಡುತ್ತದೆ. ದಾಸಮ್ಮ ಕಿಟಕಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು.

"ನಮ್ಮತ್ತೇನೇ ಕಣೆ ಮುನೀ, ಸತ್ತು ಇಪ್ಪತ್ ವರ್ಸ ಆದ್ರೂ ಎಲೆಅಡ್ಕೆ ಚಪಲ ಬುಟ್ಟಿಲ್ಲ!" ಎಂದು ನನ್ನ ತೊಡೆ ಹಿಡಿದು ನಡುಗಿದಳು.

"ಅಂಗಾದ್ರೆ ಒಸಿ ಸುಣ್ಣನೂ ಮಡಗು, ಪಾಪ" ಎಂದೆ.

ಪಕ್ಕದ ಮನೆಯ ಸೌಮ್ಯಳ ಕಿಟಕಿಯನ್ನು ಮಾತ್ರ ನಾನು ಮುಟ್ಟಲಿಲ್ಲ. ಕನಕಪುರದ ಕಡೆಯಿಂದ ಮದುವೆಯಾಗಿ ಬಂದ ಹುಡುಗಿ. ಗಂಡ ಕೆಂಪರಾಜು ಬೆಳಗ್ಗೆ ಆರಕ್ಕೆ ಬಿಡದಿ ಬಸ್ಸು ಹತ್ತಿ ಫ್ಯಾಕ್ಟರಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ಹುಳುವನ್ನೆಲ್ಲ ಅವಳೊಬ್ಬಳೇ ನೋಡಬೇಕು. ಹನ್ನೊಂದು ಗಂಟೆಯ ಸೊಪ್ಪು ಹಾಕಿ, ಕಿಟಕಿ ಪಕ್ಕದ ಮಂಚದಲ್ಲಿ ಅರ್ಧ ಗಂಟೆ ಸತ್ತವಳ ಹಾಗೆ ಮಲಗುತ್ತಿದ್ದಳು. ಅವಳನ್ನು ಹೆದರಿಸಲು ನನ್ನಂಥವಳಿಗೂ ಮನಸ್ಸು ಬರಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ಅವಳು ಸೆರಗಿನಲ್ಲಿ ಏನೋ ಮುಚ್ಚಿಕೊಂಡು ನನ್ನ ಜಗಲಿಗೆ ಬಂದಳು. ತೆಗೆದು ತೋರಿಸಿದಳು. ಒಂದು ಮೊಳ ಮಲ್ಲಿಗೆ.

"ಅಜ್ಜೀ, ಎದ್ದಾಗ ಇದು ನನ್ ದಿಂಬ್ನ ಮೇಲಿತ್ತು. ನೀವೇನಾದ್ರೂ ಕಿಟ್ಕಿ ತಾವ ಬಂದಿದ್ರಾ?"

ಹುಳು ಇರುವ ಮನೆಯಲ್ಲಿ ನಮ್ಮ ಹೆಂಗಸರು ಮಲ್ಲಿಗೆ ಮುಡಿಯುವುದಿಲ್ಲ, ಘಾಟು ವಾಸನೆ ಹುಳುವಿಗೆ ಆಗುವುದಿಲ್ಲ ಅಂತ. ನಮ್ಮ ಊರಿನಲ್ಲಿ ಹೂ ಮಾರುವವರೂ ಇಲ್ಲ.

"ಇಲ್ಲ ಕಣವ್ವ" ಎಂದೆ. ನನ್ನ ಜೀವಮಾನದಲ್ಲಿ ಅಷ್ಟು ಚಿಕ್ಕ ಮಾತು ನಾನು ಆಡಿದ್ದೇ ಇಲ್ಲ.

"ಗುಂಡಿ ತಿರುಗ್ಸೇ ಮಲಗಿದ್ದೆ. ಎದ್ದಾಗ್ಲೂ ತಿರುಗ್ಸಿದಂಗೇ ಇತ್ತು."

ನನಗೆ ಸೊಂಟದಲ್ಲಿದ್ದ ಬೀಗದಕೈ ಕೆಂಡದ ಹಾಗೆ ಅನ್ನಿಸಿತು. ನಾನಲ್ಲ ಎಂದರೆ ಇನ್ನೊಬ್ಬರಿಗೆ ಈ ಗುಟ್ಟು ಗೊತ್ತಿದೆ. ಆದರೂ ಹೇಳಲಿಲ್ಲ. ಹೇಳಿದರೆ ದಾಸಮ್ಮ ನನ್ನ ಕಾಲು ಮುರಿಯುತ್ತಾಳೆ, ಬೀದಿಯವರು ಒಂದು ಲೋಟ ನೀರು ಕೊಡುವುದಿಲ್ಲ ಎಂದು ಹೆದರಿದೆ. "ಯಾರೋ ಹುಡುಗ್ರು ಆಟ ಆಡವ್ರೆ ಬುಡು" ಎಂದು ಕಳಿಸಿದೆ.

ಮುಂದಿನ ಮಂಗಳವಾರ ಅವಳು ಮತ್ತೆ ಬಂದಳು.

"ಎಚ್ಚರಾಗಿತ್ತು ಅಜ್ಜಿ. ಕಣ್ ಬುಡ್ಲಿಲ್ಲ, ಸಂದೀಲಿ ನೋಡ್ದೆ. ಗಾಜು ಸದ್ದಿಲ್ದೆ ಜಾರ್ತು. ನಾಕ್ ಬೆರಳು ಒಳಗ್ ಬಂತು. ನನ್ ಕೂದ್ಲು ಮುಟ್ತು."

"ಕೂಗ್ಬೇಕಾಗಿತ್ತಲ್ಲೇ!"

"ಬಾಯೇ ಬರ್ನಿಲ್ಲ. ಇವ್ರಿಗೆ ಯೋಳಿದ್ರೆ ಬೀಗ ಹಾಕಿರೋ ಕಿಟ್ಕೀಲಿ ಯಾವನ್ ಬತ್ತಾನೆ ಅಂತಾರೆ. ನನ್ನೇ ಒಂಥರಾ ನೋಡ್ತಾವ್ರೆ."

ಅವತ್ತೂ ನಾನು ಹೇಳಲಿಲ್ಲ. ಅದರ ಬದಲು "ಮುಂದಿನ್ ಮಂಗಳ್ವಾರ ನಾನ್ ಕಾಯ್ತೀನಿ, ನೀ ಮಲಗು" ಎಂದೆ. ಮೂರನೆಯ ಮಂಗಳವಾರ ಹತ್ತಕ್ಕೇ ಊರುಗೋಲು ಹಿಡಿದು ನನ್ನ ಜಗಲಿಯಲ್ಲಿ ಕೂತೆ. ಅಲ್ಲಿಂದ ಸೌಮ್ಯಳ ಕಿಟಕಿ ಪೂರ್ತಿ ಕಾಣುತ್ತದೆ. ಹನ್ನೊಂದೂಕಾಲಿಗೆ ನಟರಾಜು ರಾಮನಗರದಿಂದ ಸಾಮಾನಿನ ಚೀಲ ಹೇರಿಕೊಂಡು ಟಿವಿಎಸ್‌ನಲ್ಲಿ ಬಂದ. ನನ್ನನ್ನು ನೋಡಿ ನಿಲ್ಲಿಸಿದ.

"ಏನಜ್ಜಿ, ಬಿಸ್ಲಲ್ಲಿ? ದಾಸಮ್ಮ ಹಳ್ಳದ್ ತಾವ ಕರೀತಾವ್ಳೆ, ಕುರಿ ಮರಿ ಹಾಕ್ತಾ ಐತಂತೆ."

ಎದ್ದು ಹೋದೆ. ಹಳ್ಳದ ಹತ್ತಿರ ದಾಸಮ್ಮ ಮರದ ಕೆಳಗೆ ಗೊರಕೆ ಹೊಡೆಯುತ್ತಿದ್ದಳು. ಅವಳ ಕುರಿಗಳಲ್ಲಿ ಒಂದಕ್ಕೂ ಗಬ್ಬವೇ ಇರಲಿಲ್ಲ. ನಾನು ಊರಿಗೆಲ್ಲ ಮಾಡುವ ತಮಾಷೆಯನ್ನು ನನಗೇ ಮಾಡಿದ ಎಂದು ಬೈದುಕೊಂಡು ಬಂದೆ. ಅಷ್ಟೇ ಎಂದುಕೊಂಡಿತು ನನ್ನ ಮಂಕುಬುದ್ಧಿ.

ನಾನು ಬೀದಿಗೆ ಬರುವಷ್ಟರಲ್ಲಿ ಕೆಂಪರಾಜುವಿನ ಕೂಗಾಟ ಕೇಳಿಸಿತು. ಫ್ಯಾಕ್ಟರಿಯಲ್ಲಿ ಮಿಷನ್ನು ಕೆಟ್ಟು ಬೇಗ ಬಿಟ್ಟಿದ್ದರು. ಬಂದವನಿಗೆ ಮಲಗಿದ್ದ ಹೆಂಡತಿ ಸಿಕ್ಕಿದಳು, ಅವಳ ಎದೆಯ ಮೇಲೆ ಎರಡು ಮೊಳ ಮಲ್ಲಿಗೆ ಸಿಕ್ಕಿತು.

ಮಾರನೆಯ ದಿನ ಬೆಳಗ್ಗೆ ಸೌಮ್ಯಳ ಜಗಲಿಯಲ್ಲೇ ಪಂಚಾಯ್ತಿ. ಕನಕಪುರದ ಮೊದಲ ಬಸ್ಸಿಗೆ ಅವಳ ಅಪ್ಪ ಬೋರಲಿಂಗಯ್ಯನನ್ನು ಕರೆಸಿದ್ದರು. ಮಗಳನ್ನು ಕರೆದುಕೊಂಡು ಹೋಗು ಅಂತ. ಅವಳ ಬಟ್ಟೆಯ ಬ್ಯಾಗು ಆಗಲೇ ಮೆಟ್ಟಿಲ ಮೇಲಿತ್ತು. ಹೀಗೆ ಹೊರಟ ಹೆಣ್ಣು ತಿರುಗಿ ಬರುವುದಿಲ್ಲ, ಹೋದ ಕಡೆಯೂ ತಲೆ ಎತ್ತಲು ಬಿಡುವುದಿಲ್ಲ. ಬೋರಲಿಂಗಯ್ಯ ಟವಲ್ಲಿನಲ್ಲಿ ಮುಖ ಮುಚ್ಚಿ ಕೂತಿದ್ದ.

ನಟರಾಜು ನಿಧಾನಕ್ಕೆ, ಅಯ್ಯೋ ಪಾಪ ಎನ್ನುವ ಹಾಗೆ ಮಾತಾಡಿದ. "ನೋಡು ಕೆಂಪ, ನಾನ್ ಯಾರ್ ಮ್ಯಾಲೂ ಕೆಟ್ಟದ್ ಯೋಳಕಿಲ್ಲ. ಬೀಗ ಒಡ್ದಿಲ್ಲ. ಗಾಜು ಸೀಳಿಲ್ಲ. ಬೀಗದಕೈ ದೇವ್ರ ಪಟದ್ ಹಿಂದೇ ಐತೆ. ಒಳಗಿಂದ ಗುಂಡಿ ತಿರುಗ್ಸದೆ ಆ ಕಿಟ್ಕಿ ತೆಗೆಯಾಕಾಯ್ತದಾ? ನೀನೇ ಯೋಚ್ನೆ ಮಾಡು."

"ನಾನ್ ತೆಗ್ದಿಲ್ಲ" ಎಂದಳು ಸೌಮ್ಯ. ಯಾರೂ ಅವಳ ಕಡೆ ನೋಡಲಿಲ್ಲ. ಎಲ್ಲರೂ ಬೀಗದ ಕಡೆ ನೋಡುತ್ತಿದ್ದರು.

ನನ್ನ ಕಾಲು ತಾನೇ ಎದ್ದು ನಿಂತಿತು. "ತೆಗೆಯಾಕಾಯ್ತದೆ" ಎಂದೆ.

"ಅಜ್ಜೀ, ಇದು ತಮಾಸೆ ಟೈಮಲ್ಲ" ಎಂದ ಕೆಂಪರಾಜು.

ನಾನು ಸೊಂಟದಿಂದ ನನ್ನ ಬೀಗದಕೈ ತೆಗೆದು ಸೌಮ್ಯಳ ಕಿಟಕಿಗೆ ಹಾಕಿ ತಿರುಗಿಸಿದೆ. ಗಾಜು ಜಾರಿತು.

"ದಾಸೀ, ನಿನ್ ಎಲೆ ಚೀಲ ನೇತಾಕಿದ್ದು ನಿಮ್ಮತ್ತೆ ಅಲ್ಲ, ನಾನು. ಕನ್ನಡ್ಕನೂ ನಾನೇ. ಒಂದೇ ಬೀಗದಕೈ ಎಲ್ಲಾದ್ಕೂ ಆಯ್ತದೆ."

"ಥೂ ನಿನ್ ಮನೆ ಹಾಳಾಗ! ಎರಡ್ ತಿಂಗ್ಳು ನನ್ ನಿದ್ದೆ ಕೆಡ್ಸಿದ್ಯಲ್ಲೇ ಮೂಳೀ! ಆ ಮುದುಕೀಗೆ ಅಂತ ಕೋಳಿ ಕುಯ್ದೆ ಕಣೇ!"

"ಆ ಕೋಳೀಲಿ ನಂಗೂ ಒಂದ್ ತುಂಡು ಕೊಟ್ಟಿದ್ದೆ. ಚೆನ್ನಾಗಿತ್ತು. ಆದ್ರೆ ಈ ಮಗೀನ ಕಿಟ್ಕಿ ನಾನ್ ಮುಟ್ಟಿಲ್ಲ, ನನ್ ಕಣ್ಣಾಣೆ. ನಿಮ್ ನಿಮ್ ಬೀಗದಕೈ ತನ್ನಿ, ನೋಡೇಬುಡಾನ."

ಮೊಳೆಯಲ್ಲಿದ್ದವೆಲ್ಲ ಬಂದವು. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಸೇಫ್ಟಿ ಪಿನ್ನು, ದಾಸಮ್ಮನದಕ್ಕೆ ಕುರಿ ಉಣ್ಣೆಯ ಹುರಿ. ಎಲ್ಲರ ಕಣ್ಣೂ ಅಂಗಡಿಯವನ ಕಡೆ ತಿರುಗಿದಾಗ ನಟರಾಜುವೂ ಜೇಬಿನಿಂದ ತೆಗೆದು ಕೊಟ್ಟ. ಅವನದಕ್ಕೆ ಸೋಡಾ ಬಾಟಲಿ ತೆಗೆಯುವ ಓಪನರು ಕಟ್ಟಿತ್ತು. ಒಂದೊಂದನ್ನೇ ಹಾಕಿದೆ. ಕಟಕ್, ಕಟಕ್. ಒಂದೊಂದು ಸಲ ಗಾಜು ಜಾರಿದಾಗಲೂ ಬೋರಲಿಂಗಯ್ಯನ ಟವಲ್ಲು ಮುಖದಿಂದ ಸ್ವಲ್ಪ ಸ್ವಲ್ಪ ಕೆಳಗಿಳಿಯಿತು.

ತೆಗೆದಿದ್ದನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಇಟ್ಟೆ. ಆಗ ಕಂಡಿತು. ಹನ್ನೆರಡು ಬೀಗದಕೈ ಅನೀಸ್ ಕೊಟ್ಟ ದಿನದ ಹಾಗೇ ಕಾಡಿಗೆ ಕಪ್ಪು. ಹಲ್ಲಿನ ಬಣ್ಣ ಹೋಗಿ ಬೆಳ್ಳಗೆ ಹೊಳೆಯುತ್ತಿದ್ದವು ಎರಡೇ. ಒಂದು ನನ್ನದು.

ನಾನು ಇನ್ನೊಂದನ್ನು ಓಪನರಿನ ಸಮೇತ ಎತ್ತಿ ಹಿಡಿದೆ.

"ನಂದು ದಿನಕ್ ಮೂರ್ ಸಲ, ಎರಡ್ ತಿಂಗ್ಳು ತಿರುಗೈತೆ. ಅದ್ಕೇ ಬಣ್ಣ ಇಲ್ಲ. ನಟರಾಜೂ, ನಿಂದು ಎಷ್ಟ್ ಕಿಟ್ಕಿ ನೋಡೈತಪ್ಪಾ?"

"ಜೇಬಲ್ಲಿ ಓಪನರ್ಗೆ ಉಜ್ಜೈತೆ ಕಣಜ್ಜಿ" ಎಂದ. ನಗುತ್ತಲೇ ಎಂದ.

"ಉಜ್ಜಿದ್ರೆ ಹಿಡಿ ಸವೀಬೇಕು. ಇದ್ರ ಹಿಡಿ ಕರ್ರಗೇ ಐತೆ. ಸವೆದಿರೋದು ತೂತ್ಗೆ ಹೋಗೋ ಹಲ್ಲು. ನೆನ್ನೆ ನನ್ನ ಹಳ್ಳಕ್ಕೆ ಕಳ್ಸಿದ್ಯಲ್ಲ, ಯಾವ್ ಕುರಿ ಮರಿ ಹಾಕ್ತಾ ಇತ್ತು?"

ದಾಸಮ್ಮ ಬೈಯುವುದನ್ನು ನಿಲ್ಲಿಸಿದಳು. ಅವಳ ಪಕ್ಕ ನಿಂತಿದ್ದ ಹೆಂಗಸು ತನ್ನ ಸೆರಗು ಎಳೆದುಕೊಂಡಳು, ಅವಳ ಪಕ್ಕದವಳು ಮಗಳು ಸಿರಿಯ ತೋಳು ಹಿಡಿದು ಹಿಂದಕ್ಕೆ ಸರಿಸಿದಳು. ಒಬ್ಬೊಬ್ಬರೂ ತಮ್ಮ ತಮ್ಮ ಮಧ್ಯಾಹ್ನಗಳನ್ನು ನೆನೆಸಿಕೊಳ್ಳುತ್ತಿದ್ದರು. ಕೆಂಪರಾಜು ನಟರಾಜುವಿನ ಕೈಯನ್ನು, ಅದರ ನಾಲ್ಕು ಬೆರಳನ್ನು ನೋಡುತ್ತಾ ನಿಂತ. ಮೇಲೆ ಬಿದ್ದು ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. ನಾಚಿಕೆಯೋ ಏನೋ, ಹೆಂಡತಿಯ ಬ್ಯಾಗನ್ನು ಮೆಟ್ಟಿಲಿಂದ ಎತ್ತಿ ಒಳಗಿಟ್ಟು ಬಂದ.

ಸೌಮ್ಯ ಆ ಬೀಗದಕೈಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಇದು ನನ್ ತಾವ ಇರ್ಲಿ. ಸ್ಟೇಷನ್ನಲ್ಲಿ ಕೇಳಿದ್ರೆ ತೋರುಸ್ತೀನಿ. ಅಪ್ಪಾ, ನಾನ್ ಬರಕಿಲ್ಲ. ಹುಳ ನಾಕ್ನೇ ಜ್ವರದಿಂದ ಎದ್ದವೆ, ಸೊಪ್ಪು ಹಾಕ್ಬೇಕು" ಎಂದು ಒಳಗೆ ಹೋದಳು.

ಹುಳುವಿನ ಜ್ವರ ಎಂದರೆ ಪೊರೆ ಬಿಡುವುದು. ಎದ್ದಾಗ ಹಸಿವು ಹೆಚ್ಚು. ಅವಳು ಸೊಪ್ಪು ಹಾಕಿದಳು. ಆ ಜಗಲಿಯಲ್ಲಿ ನಿಂತಿದ್ದ ನಮಗೆಲ್ಲ ಒಳಗೆ ಸಾವಿರಾರು ಹುಳು ಎಲೆ ಕಡಿಯುವ ಸದ್ದು ಮಳೆಯ ಹಾಗೆ ಕೇಳಿಸಿತು. ನಟರಾಜು ಚಪ್ಪಲಿ ಮೆಟ್ಟಿಕೊಂಡು ಹೊರಟು ಹೋದ. ಯಾರೂ ತಡೆಯಲಿಲ್ಲ.

ಈಗ ನಮ್ಮ ಬೀದಿಯಲ್ಲಿ ಎಲ್ಲರೂ ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನು ಅಳತೆಗೆ ಮುರಿದು ಕಿಟಕಿ ಜಾರುವ ಸಂದಿಯಲ್ಲಿ ಅಡ್ಡ ಇಟ್ಟಿದ್ದಾರೆ. ಬೀಗ ಬಿಚ್ಚಿಕೊಂಡರೂ ಗಾಜು ಕದಲುವುದಿಲ್ಲ. ಸೌಮ್ಯ ಸ್ಟೇಷನ್ನಿಗೆ ಹೋಗಿ ಬರೆಸಿ ಬಂದಿದ್ದಾಳೆ. ಕರೆಸುತ್ತೇವೆ ಎಂದಿದ್ದಾರಂತೆ, ಇನ್ನೂ ಕರೆಸಿಲ್ಲ. ದಾಸಮ್ಮ ನನ್ನ ಹತ್ತಿರ ಮಾತು ಬಿಟ್ಟು ಹದಿನೈದು ದಿನವಾಯಿತು, ನನಗೆ ಹದಿನೈದು ವರ್ಷ ಆದ ಹಾಗಿದೆ.

ನಟರಾಜುವಿನ ಅಂಗಡಿ ತೆಗೆದೇ ಇದೆ. ಮೊನ್ನೆ ಮಂಗಳವಾರ ನಾನೊಬ್ಬಳೇ ಜಗಲಿಯಲ್ಲಿ ಕೂತಿದ್ದೆ. ಟಿವಿಎಸ್ ಬಂದು ನಿಂತಿತು. ಅವನು ಇಳಿಯಲಿಲ್ಲ. ನನ್ನ ಕಿಟಕಿಯನ್ನು, ಸಂದಿಯಲ್ಲಿದ್ದ ಕಡ್ಡಿಯನ್ನು ಚೆನ್ನಾಗಿ ನೋಡಿದ.

"ಕಡ್ಡಿ ಇಟ್ಟಿದ್ದೀಯಲ್ಲಜ್ಜಿ" ಎಂದ, ಮೊದಲಿನ ಹಾಗೇ ನಗುತ್ತಾ. "ನೀ ಒಳಗೇ ಸತ್ತು ಬಿದ್ರೆ ಈಗ ಯಾರು ತೆಗೀತಾರೆ?"

ನಾನು ಊರುಗೋಲು ಊರಿ ಎದ್ದು ಒಳಗೆ ಹೋಗಿ, ಸಂದಿಯ ಕಡ್ಡಿಯನ್ನು ಇನ್ನೊಮ್ಮೆ ಒತ್ತಿ ಕೂರಿಸಿದೆ.